ಲಕ್ಸೆಂಬರ್ಗ್ ಒಂದು ಕಡೆ, 44 ಬಡ ದೇಶ ಇನ್ನೊಂದು ಕಡೆ: ಸೇವಾ ರಫ್ತು ಹೋಲಿಸುವುದು ಹೇಗೆ?

ಕಾಫಿನಾಡು_ಎಂಕಾಂ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಇಲ್ಲೇ ಚಿಕ್ಕಮಗಳೂರಿನಲ್ಲಿ ಎಂ.ಕಾಂ ಕೊನೆಯ ವರ್ಷದಲ್ಲಿದ್ದೇನೆ. ಒಂದು ಸಣ್ಣ ದೇಶದ ವಾಣಿಜ್ಯ ಸೇವೆಗಳ ರಫ್ತನ್ನು ಬಡ ದೇಶಗಳ ಜೊತೆ ಹೋಲಿಸಿ ಬರೆಯುವುದು ನನ್ನ ಪ್ರಾಜೆಕ್ಟ್. ಸಣ್ಣ ದೇಶ ಅಂತ ಯುರೋಪಿನ ಲಕ್ಸೆಂಬರ್ಗ್ ಆರಿಸಿಕೊಂಡೆ. ಬಡ ದೇಶಗಳಿಗೆ ವಿಶ್ವಸಂಸ್ಥೆಯ ಎಲ್‌ಡಿಸಿ ಪಟ್ಟಿ, ಅಂದರೆ ಅತಿ ಹಿಂದುಳಿದ ದೇಶಗಳ ಪಟ್ಟಿ ಇಟ್ಟುಕೊಂಡಿದ್ದೇನೆ. ವಿಶ್ವಬ್ಯಾಂಕಿನ ಅಂಕಿಅಂಶ ಇಳಿಸಿಕೊಂಡು ಗ್ರಾಫ್ ಹಾಕಿ ನೋಡಿದರೆ ಅದರ ಮೇಲೆ ಏನು ಬರೆಯುವುದು ಅಂತಲೇ ಗೊತ್ತಾಗುತ್ತಿಲ್ಲ.

ಲಕ್ಸೆಂಬರ್ಗ್‌ನಲ್ಲಿ 7 ಲಕ್ಷ ಜನವೂ ಇಲ್ಲ. ನಮ್ಮ ಜಿಲ್ಲೆಯಲ್ಲೇ 2011ರ ಜನಗಣತಿಯಲ್ಲಿ 11.37 ಲಕ್ಷ ಜನ ಇದ್ದರು. ಅದರ ವಿಸ್ತೀರ್ಣ 2,586 ಚದರ ಕಿ.ಮೀ., ನಮ್ಮ ಜಿಲ್ಲೆಯದು 7,201. ಇಷ್ಟು ಪುಟ್ಟ ದೇಶ ವರ್ಷಕ್ಕೆ 10,000 ಕೋಟಿ ಡಾಲರ್‌ಗಿಂತ ಜಾಸ್ತಿ ಸೇವೆ ರಫ್ತು ಮಾಡುತ್ತದೆ. 110 ಕೋಟಿಗಿಂತ ಹೆಚ್ಚು ಜನ ಇರುವ ಎಲ್‌ಡಿಸಿಗಳನ್ನೆಲ್ಲ ಸೇರಿಸಿದರೂ ಲಕ್ಸೆಂಬರ್ಗ್‌ನ ಅರ್ಧ ಆಗುವುದಿಲ್ಲ. ತಲಾ ಲೆಕ್ಕ ಹಾಕಿದರೆ ಅಲ್ಲಿ ಒಬ್ಬೊಬ್ಬರಿಗೆ ಒಂದೂವರೆ ಲಕ್ಷ ಡಾಲರ್ ದಾಟುತ್ತದೆ, ಎಲ್‌ಡಿಸಿಗಳಲ್ಲಿ 60 ಡಾಲರ್ ಕೂಡ ಮುಟ್ಟುವುದಿಲ್ಲ.

ಗ್ರಾಫಿನಲ್ಲಿ ಒಂದು ಗೆರೆ ಆಕಾಶದಲ್ಲಿ, ಇನ್ನೊಂದು ನೆಲದಲ್ಲಿ. ‘ಲಕ್ಸೆಂಬರ್ಗ್ ತುಂಬ ಮುಂದಿದೆ’ ಅಂತ ಒಂದು ಸಾಲು ಬರೆದರೆ ಪ್ರಾಜೆಕ್ಟ್ ಮುಗಿದುಹೋಯಿತು, ಅಲ್ವಾ? ಆದರೆ ಆ ಹಣ ಯಾತರಿಂದ ಬರುತ್ತದೆ, ಬಡ ದೇಶಗಳಿಗೆ ಯಾಕೆ ಬರಲ್ಲ ಅನ್ನುವುದು ನನಗೆ ನಿಜವಾಗಿ ಅರ್ಥ ಆಗಬೇಕು. ಈ ಲೆಕ್ಕದ ಒಳಗೆ ಏನೇನು ಸೇರುತ್ತದೆ? ಹೋಲಿಕೆ ಮಾಡುವ ಸರಿಯಾದ ದಾರಿ ಯಾವುದು? ಗೊತ್ತಿರುವವರು ದಯವಿಟ್ಟು ಹೇಳಿ.


ಹಾಸನದ_ಮೇಷ್ಟ್ರು (ಹಾಸನ)

ಒಳ್ಳೆಯ ವಿಷಯವಮ್ಮ. ಅವಸರದಲ್ಲಿ ಒಂದು ಸಾಲಿಗೆ ಮುಗಿಸಬೇಡ.

ಮೊದಲು ಲೆಕ್ಕದ ಒಳಗೆ ಏನಿದೆ ನೋಡೋಣ. ಒಂದು ದೇಶ ಹೊರಗಿನವರಿಗೆ ಮಾರಿದ ಎಲ್ಲ ಸೇವೆಗಳಿಂದ ಸರ್ಕಾರಿ ಸೇವೆ ಅನ್ನುವ ಬಾಬ್ತನ್ನು ಕಳೆದರೆ ಉಳಿಯುವುದು ವಾಣಿಜ್ಯ ಸೇವಾ ರಫ್ತು. ವಿಶ್ವಬ್ಯಾಂಕ್ ಅದನ್ನು ನಾಲ್ಕು ಗುಂಪು ಮಾಡಿ ಕೊಡುತ್ತದೆ. ಸಾರಿಗೆ ಒಂದು, ಪ್ರವಾಸ ಒಂದು, ವಿಮೆ ಮತ್ತು ಹಣಕಾಸು ಸೇವೆ ಸೇರಿ ಒಂದು, ಕಂಪ್ಯೂಟರ್, ದೂರಸಂಪರ್ಕ ಮತ್ತು ಮಿಕ್ಕ ಎಲ್ಲವೂ ಸೇರಿ ಇನ್ನೊಂದು. ನಿನ್ನ ಉತ್ತರ ಮುಕ್ಕಾಲು ಪಾಲು ಈ ನಾಲ್ಕು ಕಾಲಂಗಳಲ್ಲೇ ಇದೆ. ಒಟ್ಟು ಮೊತ್ತದ ಗ್ರಾಫ್ ಪಕ್ಕಕ್ಕಿಡು, ಪ್ರತಿ ದೇಶಕ್ಕೂ ಈ ನಾಲ್ಕರ ಪಾಲು ಶೇಕಡಾವಾರು ಹಾಕು.

ಲಕ್ಸೆಂಬರ್ಗ್‌ನಲ್ಲಿ ಸುಮಾರು ಅರ್ಧ, ಕೆಲವು ವರ್ಷ ಅದಕ್ಕೂ ಜಾಸ್ತಿ, ಹಣಕಾಸು ಸೇವೆಯದೇ. ಎಲ್‌ಡಿಸಿಗಳಲ್ಲಿ ಹೆಚ್ಚಿನ ದೇಶಗಳಿಗೆ ದೊಡ್ಡ ಪಾಲು ಪ್ರವಾಸ ಮತ್ತು ಸಾರಿಗೆಯಿಂದ. ಅಲ್ಲಿಗೆ ನೀನು ಹೋಲಿಸುತ್ತಿರುವುದು ಎರಡು ಬೇರೆ ಬೇರೆ ವ್ಯಾಪಾರಗಳನ್ನು. ಒಂದಕ್ಕೆ ಕಾನೂನು, ತೆರಿಗೆ, ನಂಬಿಕೆ ಬೇಕು. ಇನ್ನೊಂದಕ್ಕೆ ರಸ್ತೆ, ಬಂದರು, ವಿಮಾನ ನಿಲ್ದಾಣ, ಶಾಂತಿ ಬೇಕು.

ಆ ‘ಸರ್ಕಾರಿ ಸೇವೆ ಕಳೆದು’ ಅನ್ನುವ ಮಾತನ್ನು ಸುಮ್ನೆ ಹಾರಿಸಿಬಿಡಬೇಡ. ಬಡ ದೇಶಗಳ ವಿಷಯದಲ್ಲಿ ಅದು ಸಣ್ಣ ಬಾಬ್ತಲ್ಲ. ವಿದೇಶಿ ರಾಯಭಾರ ಕಚೇರಿಗಳು, ವಿದೇಶಿ ಸೇನೆ, ಶಾಂತಿಪಾಲನಾ ಪಡೆ ಇವೆಲ್ಲ ಸ್ಥಳೀಯವಾಗಿ ಮಾಡುವ ಖರ್ಚು ಅಲ್ಲಿಗೆ ಹೋಗುತ್ತದೆ. ಆಫ್ರಿಕಾದ ಜಿಬೂಟಿಯಂಥ ದೇಶ ತೆಗೆದುಕೋ. ಅಮೆರಿಕ, ಫ್ರಾನ್ಸ್, ಜಪಾನ್ ಎಲ್ಲರ ಸೇನಾ ನೆಲೆಯೂ ಅಲ್ಲಿದೆ, 2017ರಿಂದ ಚೀನಾದ್ದೂ ಇದೆ. ಅವರು ಅಲ್ಲಿ ಚೆಲ್ಲುವ ಡಾಲರ್‌ನ ಒಂದು ಭಾಗ ನಿನ್ನ ಗ್ರಾಫಿನಲ್ಲಿ ಕಾಣುವುದೇ ಇಲ್ಲ.


ಮೂಡಿಗೆರೆ_ಹೋಂಸ್ಟೇ (ಮೂಡಿಗೆರೆ)

ನಾನು ಅರ್ಥಶಾಸ್ತ್ರ ಓದಿದವಳಲ್ಲ. ಆದರೆ ಆ ನಾಲ್ಕು ಕಾಲಂನಲ್ಲಿ ಪ್ರವಾಸ ಅನ್ನುವುದು ನಮ್ಮ ದಿನದ ಕೆಲಸ, ಅದರ ಬಗ್ಗೆ ಹೇಳುತ್ತೇನೆ.

ನಮ್ಮಲ್ಲಿಗೆ ಶನಿವಾರ ಭಾನುವಾರ ಬರುವವರು ಹೆಚ್ಚಾಗಿ ಬೆಂಗಳೂರಿನವರು. ಅವರು ಎಷ್ಟೇ ಖರ್ಚು ಮಾಡಿದರೂ ಅದು ರಫ್ತಲ್ಲ, ದೇಶದ ಒಳಗಿನ ವ್ಯಾಪಾರ. ಚಳಿಗಾಲದಲ್ಲಿ ಬೇಲೂರು, ಹಳೇಬೀಡು ನೋಡಿಕೊಂಡು ವಿದೇಶದವರೂ ಬರುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿ ಸೇರಿದ ಮೇಲೆ ವಿಚಾರಿಸಿ ಮೇಲ್ ಮಾಡುವವರೂ ಇದ್ದಾರೆ. ಅಂಥ ಒಂದು ದಂಪತಿಯ ಬಿಲ್ ಹೇಗಿರುತ್ತದೆ ಅಂದರೆ ರೂಮು, ಅಕ್ಕಿರೊಟ್ಟಿ ತಿಂಡಿ, ಊಟ, ಮುಳ್ಳಯ್ಯನಗಿರಿಗೆ ಜೀಪು, ತೋಟ ತೋರಿಸಿದ ಹುಡುಗನಿಗೆ ಕೊಟ್ಟಿದ್ದು, ಹೊರಡುವಾಗ ಮನೆಗೆ ಅಂತ ಕಟ್ಟಿಸಿಕೊಂಡ ಎರಡು ಪ್ಯಾಕೆಟ್ ಕಾಫಿಪುಡಿ. ಇದೆಲ್ಲವೂ ಭಾರತದ ಸೇವಾ ರಫ್ತು. ಕಾಫಿಪುಡಿ ಕೂಡ! ಪ್ರವಾಸಿ ತನ್ನ ಬಳಕೆಗೆ ಕೊಂಡಿದ್ದು ಪ್ರವಾಸದ ಲೆಕ್ಕಕ್ಕೇ ಹೋಗುತ್ತದೆ. ಅದೇ ತೋಟದ ಕಾಫಿ ಮೂಟೆಯಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿನಿಂದ ಹಡಗು ಹತ್ತಿದರೆ ಅದು ಸರಕು ರಫ್ತು, ಬೇರೆ ಪಟ್ಟಿ. ಅವರು ಬಂದ ವಿಮಾನದ ಟಿಕೆಟ್ ಹಣ ಪ್ರವಾಸಕ್ಕೆ ಸೇರುವುದಿಲ್ಲ, ಸಾರಿಗೆಗೆ ಹೋಗುತ್ತದೆ, ಅದೂ ಆ ವಿಮಾನ ಕಂಪನಿ ಯಾವ ದೇಶದ್ದೋ ಆ ದೇಶಕ್ಕೆ.

ಇನ್ನೊಂದು ಮಾತು. ಆ ದಂಪತಿ ಬುಕ್ ಮಾಡುವುದು ಹೊರದೇಶದ ಯಾವುದೋ ಆನ್‌ಲೈನ್ ಕಂಪನಿ ಮೂಲಕ. ಅದು ನಮ್ಮಿಂದ ಕಮಿಷನ್ ಹಿಡಿದುಕೊಳ್ಳುತ್ತದೆ. ಅಂದರೆ ರಫ್ತು ಅಂತ ಬಂದ ದುಡ್ಡಿನಲ್ಲಿ ಒಂದು ಪಾಲು ಆಮದು ಅಂತ ವಾಪಸ್ ಹೋಯಿತು. ನಮ್ಮ ಪಾಡೇ ಹೀಗಿದ್ದರೆ ಪ್ರವಾಸವನ್ನೇ ನಂಬಿದ ದ್ವೀಪ ದೇಶಗಳ ಕಥೆ ಯೋಚಿಸಿ. ಮಾಲ್ಡೀವ್ಸ್ ರೆಸಾರ್ಟ್‌ನಲ್ಲಿ ಊಟಕ್ಕೆ ಬಡಿಸುವ ತರಕಾರಿ, ಮಾಂಸ, ಅಕ್ಕಿ ಹೆಚ್ಚುಕಮ್ಮಿ ಎಲ್ಲವೂ ಹೊರಗಿನಿಂದಲೇ ಬರಬೇಕು. ರಫ್ತಿನ ಅಂಕಿ ನೋಡಿದರೆ ದೊಡ್ಡದು, ಕೈಯಲ್ಲಿ ಉಳಿಯುವುದು ಬೇರೆ.

2020ರಲ್ಲಿ ಏನಾಯಿತು ಅಂತಲೂ ಬರೆಯಮ್ಮ. ಆ ವರ್ಷ ಜಗತ್ತಿನಲ್ಲಿ ಹೊರದೇಶಕ್ಕೆ ಹೋಗುವ ಪ್ರವಾಸಿಗರ ಸಂಖ್ಯೆ ಶೇ 70ಕ್ಕಿಂತ ಜಾಸ್ತಿ ಬಿದ್ದುಹೋಯಿತು. ನಾವು ಬೆಂಗಳೂರಿನವರನ್ನು ನಂಬಿ ಹೇಗೋ ನಿಂತುಕೊಂಡೆವು. ಕಾಂಬೋಡಿಯಾದ ಅಂಗ್ಕೋರ್ ಸುತ್ತ ಅಂಗಡಿ, ಹೋಟೆಲ್ ಇಟ್ಟವರಿಗೆ ಅಂಥ ಆಸರೆ ಎಲ್ಲಿಂದ ಬರಬೇಕು?


ಸಕಲೇಶಪುರ_ಟು_ಬೆಂಗಳೂರು

ಲಕ್ಸೆಂಬರ್ಗ್ ಬಗ್ಗೆ ನಾನು ಹೇಳುತ್ತೇನೆ. ಊರು ಸಕಲೇಶಪುರ. ಬೆಂಗಳೂರಿನಲ್ಲಿ ಫಂಡ್ ಅಕೌಂಟಿಂಗ್ ಕೆಲಸ ಮಾಡುತ್ತೇನೆ. ಯುರೋಪಿನ ಫಂಡ್‌ಗಳ ದಿನದ ಬೆಲೆ, ಅಂದರೆ ಎನ್‌ಎವಿ ಲೆಕ್ಕ ಹಾಕುವ ಟೀಮಿನಲ್ಲಿದ್ದೇನೆ. ಆ ಫಂಡ್‌ಗಳಲ್ಲಿ ತುಂಬಾನೇ ಲಕ್ಸೆಂಬರ್ಗ್‌ನಲ್ಲಿ ನೋಂದಾಯಿಸಿದವು.

ಆ ದೇಶ ಮೊದಲು ಬದುಕುತ್ತಿದ್ದದ್ದು ಉಕ್ಕಿನಿಂದ. 1970ರ ದಶಕದ ಮಧ್ಯದಲ್ಲಿ ಉಕ್ಕಿಗೆ ಪೆಟ್ಟು ಬಿತ್ತು. ಆಗ ಹಣಕಾಸಿನ ಕಡೆ ಪೂರ್ತಿ ವಾಲಿದರು. ಯುರೋಪಿಯನ್ ಸಮುದಾಯ 1985ರಲ್ಲಿ ಒಂದು ನಿಯಮ ತಂದಿತು. ಒಂದು ಸದಸ್ಯ ದೇಶದಲ್ಲಿ ಅನುಮತಿ ಪಡೆದ ಹೂಡಿಕೆ ಫಂಡ್ ಅನ್ನು ಉಳಿದ ಸದಸ್ಯ ದೇಶಗಳಲ್ಲೂ ಮಾರಬಹುದು ಅಂತ. ಯುಸಿಟ್ಸ್ ಅನ್ನುತ್ತಾರೆ ಅದಕ್ಕೆ. ಅದನ್ನು ತನ್ನ ಕಾನೂನಿಗೆ ಮೊಟ್ಟಮೊದಲು ಸೇರಿಸಿಕೊಂಡ ದೇಶ ಲಕ್ಸೆಂಬರ್ಗ್, 1988ರ ಮಾರ್ಚ್‌ನಲ್ಲಿ. ಮೊದಲು ಬಾಗಿಲು ತೆರೆದವರ ಮನೆಗೆ ಎಲ್ಲರೂ ಬಂದರು. ಇವತ್ತು ಫಂಡ್ ವ್ಯವಹಾರದಲ್ಲಿ ಅಮೆರಿಕ ಬಿಟ್ಟರೆ ಜಗತ್ತಿನಲ್ಲಿ ಅದೇ ಎರಡನೆಯದು. ಅಲ್ಲಿನ ಫಂಡ್‌ಗಳಲ್ಲಿರುವ ಆಸ್ತಿ 5 ಲಕ್ಷ ಕೋಟಿ ಯೂರೋ ದಾಟಿದೆ.

ಈ ಆಸ್ತಿ ಮೊತ್ತ ರಫ್ತಲ್ಲ, ಅದನ್ನು ಕಲಸಿಕೊಳ್ಳಬೇಡಿ. ಜರ್ಮನಿಯ ಒಬ್ಬ ಟೀಚರ್ ತನ್ನ ಉಳಿತಾಯವನ್ನು ಆ ಫಂಡ್‌ನಲ್ಲಿ ಇಡುತ್ತಾರೆ. ಅದನ್ನು ನೋಡಿಕೊಳ್ಳುವುದಕ್ಕೆ ವರ್ಷಕ್ಕೆ ಇಂತಿಷ್ಟು ಶುಲ್ಕ ಹಿಡಿಯುತ್ತಾರಲ್ಲ, ಅದು ಲಕ್ಸೆಂಬರ್ಗ್‌ನ ಸೇವಾ ರಫ್ತು. ಈಗ ಅಸಲಿ ಕಥೆ. ಯಾವ ಷೇರು ಕೊಳ್ಳಬೇಕು ಅಂತ ತೀರ್ಮಾನಿಸುವ ಮ್ಯಾನೇಜರ್ ಹೆಚ್ಚಾಗಿ ಕೂತಿರುವುದು ಲಂಡನ್, ನ್ಯೂಯಾರ್ಕ್, ಪ್ಯಾರಿಸ್‌ನಲ್ಲಿ. ಅವರಿಗೆ ಶುಲ್ಕದ ದೊಡ್ಡ ಪಾಲು ಹೋಗುತ್ತದೆ. ಲೆಕ್ಕದ ಕೆಲಸದ ಒಂದು ತುಂಡು ನಮ್ಮಂಥವರ ಹತ್ತಿರ ಬರುತ್ತದೆ. ಅವೆಲ್ಲ ಲಕ್ಸೆಂಬರ್ಗ್‌ಗೆ ಸೇವಾ ಆಮದು. ಹಾಗಾಗಿ ಅಲ್ಲಿನ ಸೇವಾ ಆಮದು ಕೂಡ ರಫ್ತಿನಷ್ಟೇ ಬೆರಗಾಗುವಷ್ಟು ದೊಡ್ಡದಿದೆ. ಒಂದೇ ದುಡ್ಡು ಒಂದು ಬಾಗಿಲಿನಿಂದ ಬಂದು ಇನ್ನೊಂದು ಬಾಗಿಲಿನಿಂದ ಹೋಗುತ್ತದೆ, ಬರುವಾಗ ಪೂರ್ತಿ ಮೊತ್ತ ರಫ್ತು ಅಂತ ಬರೆಯುತ್ತಾರೆ. ನೀವು ರಫ್ತಿನಿಂದ ಆಮದು ಕಳೆದು ನಿವ್ವಳ ಎಷ್ಟು ಅಂತ ಇನ್ನೊಂದು ಗ್ರಾಫ್ ಹಾಕಲೇಬೇಕು.

ತಲಾ ಲೆಕ್ಕದಲ್ಲೂ ಒಂದು ಗುಂಡಿ ಇದೆ. ಅಲ್ಲಿ ದಿನಾ ಬೆಳಗ್ಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಗಡಿ ದಾಟಿ 2 ಲಕ್ಷಕ್ಕಿಂತ ಜಾಸ್ತಿ ಜನ ಕೆಲಸಕ್ಕೆ ಬಂದು ಸಂಜೆ ವಾಪಸ್ ಹೋಗುತ್ತಾರೆ. ಅಲ್ಲಿನ ಸಂಬಳದ ಕೆಲಸಗಾರರಲ್ಲಿ ಹತ್ತಿರಹತ್ತಿರ ಅರ್ಧ ಅವರೇ. ಸೇವೆ ತಯಾರಿಸುವುದರಲ್ಲಿ ಅವರ ದುಡಿಮೆ ಇದೆ, ಜನಸಂಖ್ಯೆಯಲ್ಲಿ ಅವರ ತಲೆ ಇಲ್ಲ. ಒಂದೂವರೆ ಲಕ್ಷ ಡಾಲರ್ ಅಂತ ನಿಮಗೆ ಬಂದಿದ್ದರಲ್ಲಿ ಇದೂ ಒಂದು ಕಾರಣ. ಹೊರಗೆ ಹೋಗುವ ಇಂಥ ಸಂಬಳ, ಲಾಭ ಎಲ್ಲ ಕಳೆದರೆ ಆ ದೇಶದ ರಾಷ್ಟ್ರೀಯ ಆದಾಯ ಅದರ ಜಿಡಿಪಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಇಳಿಯುತ್ತದೆ. ಐರ್ಲೆಂಡ್ ಇನ್ನೂ ವಿಚಿತ್ರ. ಅಮೆರಿಕದ ದೊಡ್ಡ ಟೆಕ್ ಕಂಪನಿಗಳ ಕಚೇರಿ ಅಲ್ಲಿರುವುದರಿಂದ ಕಂಪ್ಯೂಟರ್ ಸೇವೆಯ ರಫ್ತು ಮುಗಿಲು ಮುಟ್ಟಿದೆ. 2015ರಲ್ಲಿ ಒಂದೇ ವರ್ಷ ಜಿಡಿಪಿ ಶೇ 25ಕ್ಕಿಂತ ಜಾಸ್ತಿ ಏರಿತು ಅಂತ ಲೆಕ್ಕ ಬಂದು, ಆಮೇಲೆ ಅವರ ಅಂಕಿಅಂಶ ಇಲಾಖೆಯವರೇ ಬೇರೆ ಅಳತೆ ಶುರು ಮಾಡಬೇಕಾಯಿತು.

ಆದರೂ ಲಕ್ಸೆಂಬರ್ಗ್‌ನ ಹಣ ಬರೀ ಕಾಗದದ್ದು ಅಂತ ಬರೆಯಬೇಡಿ. ಅಲ್ಲಿ ಉಳಿಯುವ ಪಾಲೇ ಆ ಸಣ್ಣ ದೇಶಕ್ಕೆ ಬೇಕಾದಷ್ಟಾಯಿತು. ವಕೀಲರು, ಆಡಿಟರ್‌ಗಳು, ಬ್ಯಾಂಕಿನವರು ನಿಜವಾದ ಕೆಲಸ ಮಾಡುತ್ತಾರೆ, ತೆರಿಗೆ ಕಟ್ಟುತ್ತಾರೆ.


ಅರಸೀಕೆರೆ_ಸ್ಟೇಷನ್

ಓದಿ ಖುಷಿಯಾಯಿತು. ಒಂದು ಪ್ರಶ್ನೆ. 1988ರಲ್ಲಿ ಒಂದು ಕಾನೂನು ಮಾಡಿ ಲಕ್ಸೆಂಬರ್ಗ್ ಇಷ್ಟು ಮೇಲೆ ಬಂತು ಅಂದರೆ ಬಡ ದೇಶಗಳೂ ಅಂಥದ್ದೇ ಕಾನೂನು ಮಾಡಬಹುದಲ್ಲ? ಗಣಿ ಬೇಕಿಲ್ಲ, ಕಾರ್ಖಾನೆ ಬೇಕಿಲ್ಲ. ಆಫೀಸು, ಇಂಟರ್ನೆಟ್ ಸಾಕು. ಇದನ್ನೇ ಪ್ರಾಜೆಕ್ಟ್‌ನಲ್ಲಿ ಸಲಹೆ ಅಂತ ಬರೆಯಬಹುದು ಅನ್ನಿಸುತ್ತದೆ.


ಸಕಲೇಶಪುರ_ಟು_ಬೆಂಗಳೂರು

ಅಣ್ಣ, ಇದನ್ನು ನಾನು ಒಪ್ಪಲ್ಲ. ಕಾನೂನಿನ ಪುಸ್ತಕ ಯಾರು ಬೇಕಾದರೂ ನಕಲು ಮಾಡಬಹುದು. ಅದರ ಹಿಂದಿದ್ದ ಮಾರುಕಟ್ಟೆಯನ್ನು ನಕಲು ಮಾಡುವುದು ಹೇಗೆ? ಯುರೋಪಿನ ಒಟ್ಟು ಮಾರುಕಟ್ಟೆಗೆ ಬುನಾದಿ ಹಾಕಿದ 1957ರ ರೋಮ್ ಒಪ್ಪಂದಕ್ಕೆ ಸಹಿ ಹಾಕಿದ ಆರು ದೇಶಗಳಲ್ಲಿ ಲಕ್ಸೆಂಬರ್ಗ್ ಒಂದು. ಅಲ್ಲಿ ಅನುಮತಿ ಸಿಕ್ಕರೆ ಯುರೋಪಿನ ಕೋಟ್ಯಂತರ ಉಳಿತಾಯಗಾರರಿಗೆ ಮಾರಬಹುದು ಅನ್ನುವುದೇ ಬಂಡವಾಳ. ಆಫ್ರಿಕಾದ ಬಡ ದೇಶ ಬುರುಂಡಿ ಅಂಥದ್ದೇ ಕಾನೂನು ಮಾಡಿದರೂ ಅದರ ಅನುಮತಿಯನ್ನು ಜರ್ಮನಿ ಯಾಕೆ ಒಪ್ಪಬೇಕು?

ಮಾರಿಷಸ್ ಉದಾಹರಣೆ ನೋಡಿ. ಅದು ಎಲ್‌ಡಿಸಿ ಅಲ್ಲ, ಅಲ್ಲಿ ಒಳ್ಳೆಯ ಆಡಳಿತವೂ ಇದೆ. 1982ರಲ್ಲಿ ಭಾರತದ ಜೊತೆ ಸಹಿ ಹಾಕಿದ ತೆರಿಗೆ ಒಪ್ಪಂದದಿಂದ ಅಲ್ಲಿ ಕಂಪನಿ ತೆರೆದು ಭಾರತದ ಷೇರು ಕೊಳ್ಳುವವರಿಗೆ ಬಂಡವಾಳ ಲಾಭದ ತೆರಿಗೆ ಇಲ್ಲಿ ಇರಲಿಲ್ಲ. ಎಷ್ಟೋ ವರ್ಷ ಭಾರತಕ್ಕೆ ಬರುವ ವಿದೇಶಿ ಹೂಡಿಕೆಯ ದೊಡ್ಡ ಪಾಲು ಆ ದ್ವೀಪ ಹಾದೇ ಬರುತ್ತಿತ್ತು. 2016ರಲ್ಲಿ ಒಪ್ಪಂದ ತಿದ್ದಿದರು, 2017ರ ಏಪ್ರಿಲ್ ನಂತರ ಕೊಂಡ ಷೇರುಗಳ ಲಾಭಕ್ಕೆ ಇಲ್ಲೇ ತೆರಿಗೆ ಬಿತ್ತು. ಇನ್ನೊಂದು ದೇಶದ ಸಹಿಯ ಮೇಲೆ ನಿಂತ ವ್ಯಾಪಾರ ಅದು. ಬಡ ದೇಶಕ್ಕೆ ಇದನ್ನು ದಾರಿ ಅಂತ ತೋರಿಸುವುದು ನನಗೆ ಸರಿ ಕಾಣುವುದಿಲ್ಲ. ಜೊತೆಗೆ ಇಂಥ ವ್ಯಾಪಾರದಲ್ಲಿ ಎಷ್ಟೋ ಸಲ ಕಡಿಮೆಯಾಗುವುದು ಇನ್ನೊಂದು ಬಡ ದೇಶದ ತೆರಿಗೆಯೇ.


ಕಾಫಿನಾಡು_ಎಂಕಾಂ

ಎಲ್ಲರಿಗೂ ತುಂಬ ಧನ್ಯವಾದ. ಅಕ್ಕ, ಕಾಫಿಪುಡಿಯ ಉದಾಹರಣೆಯನ್ನು ಪ್ರಾಜೆಕ್ಟ್‌ನಲ್ಲಿ ಬಳಸಿಕೊಳ್ಳುತ್ತೇನೆ, ಅಡ್ಡಿ ಇಲ್ಲ ತಾನೆ?

ಮೇಷ್ಟ್ರೇ, ಎರಡು ಪ್ರಶ್ನೆ. ಎಲ್‌ಡಿಸಿ ಅಂತ ಒಟ್ಟು ಗುಂಪನ್ನು ಇಟ್ಟುಕೊಳ್ಳುವುದು ಸರಿಯಾ, ಇಲ್ಲ ವಿಶ್ವಬ್ಯಾಂಕಿನ ‘ಕಡಿಮೆ ಆದಾಯದ ದೇಶಗಳು’ ಗುಂಪು ಒಳ್ಳೆಯದಾ? ಇನ್ನೊಂದು, ನೇಪಾಳದ ಅಂಕಿ ನೋಡಿದರೆ ತೀರಾ ಕಡಿಮೆ ಇದೆ. ಅಲ್ಲಿಂದ ಅಷ್ಟೊಂದು ಜನ ಹೊರಗೆ ಹೋಗಿ ದುಡಿದು ದುಡ್ಡು ಕಳಿಸುತ್ತಾರಲ್ಲ, ಅದು ಸೇರುವುದಿಲ್ಲವಾ?


ಹಾಸನದ_ಮೇಷ್ಟ್ರು

ನೇಪಾಳದ್ದು ಮೊದಲು. ಸೇರುವುದಿಲ್ಲ. ಒಬ್ಬ ಮನುಷ್ಯ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಹೊರದೇಶದಲ್ಲಿ ನೆಲೆಸಿದರೆ ಲೆಕ್ಕದಲ್ಲಿ ಅವನು ಆ ದೇಶದ ನಿವಾಸಿ. ಅವನು ಮನೆಗೆ ಕಳಿಸುವ ದುಡ್ಡು ರೆಮಿಟೆನ್ಸ್, ಬೇರೆ ಬಾಬ್ತು. ನಮ್ಮ ಹಾಸನದ ಹುಡುಗಿ ಮನೆಯಲ್ಲೇ ಕೂತು ಅಮೆರಿಕದ ಕಂಪನಿಗೆ ಕೋಡ್ ಬರೆದು ಕಳಿಸಿದರೆ ಅದು ಭಾರತದ ಸೇವಾ ರಫ್ತು. ಅವಳೇ ಅಮೆರಿಕಕ್ಕೆ ಹೋಗಿ ನೆಲೆಸಿ ಅದೇ ಕೋಡ್ ಬರೆದು ಅಪ್ಪ ಅಮ್ಮನಿಗೆ ಹಣ ಕಳಿಸಿದರೆ ರೆಮಿಟೆನ್ಸ್. ದುಡಿಮೆ ಅದೇ, ಪಟ್ಟಿ ಬೇರೆ. ನೇಪಾಳಕ್ಕೆ ಬರುವ ರೆಮಿಟೆನ್ಸ್ ಅದರ ಜಿಡಿಪಿಯ ಸುಮಾರು ಕಾಲು ಭಾಗ. ಕೊಲ್ಲಿ ದೇಶಗಳಲ್ಲಿ ಕಟ್ಟಡ ಕಟ್ಟುವ, ಮನೆಗೆಲಸ ಮಾಡುವ ಆ ಜನರ ಶ್ರಮ ನಿನ್ನ ಗ್ರಾಫಿನಲ್ಲಿ ಶೂನ್ಯ. ಇದನ್ನು ಒಂದು ಪುಟವಾದರೂ ಬರೆ. ಬಡ ದೇಶಗಳು ಸೇವೆ ಮಾರುವುದೇ ಇಲ್ಲ ಅನ್ನುವ ಅಭಿಪ್ರಾಯ ಓದುಗರಲ್ಲಿ ಉಳಿಯಬಾರದು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ.

ಗುಂಪಿನ ವಿಷಯ. ಮೂರು ಬುಟ್ಟಿಗಳಿವೆ, ಮೂರೂ ಬೇರೆ. ಎಲ್‌ಡಿಸಿ ವಿಶ್ವಸಂಸ್ಥೆಯ ಪಟ್ಟಿ, ಆದಾಯದ ಜೊತೆ ಆರೋಗ್ಯ, ಶಿಕ್ಷಣ, ಆರ್ಥಿಕ ದುರ್ಬಲತೆ ನೋಡಿ ಮಾಡಿದ್ದು. 2023ರ ಡಿಸೆಂಬರ್‌ನಲ್ಲಿ ಭೂತಾನ್, 2024ರ ಡಿಸೆಂಬರ್‌ನಲ್ಲಿ ಸಾವೊ ಟೊಮೆ ಮತ್ತು ಪ್ರಿನ್ಸಿಪೆ ಹೊರಬಂದ ಮೇಲೆ 44 ದೇಶ ಉಳಿದವು. ಕಡಿಮೆ ಆದಾಯದ ದೇಶಗಳು ಅನ್ನುವುದು ವಿಶ್ವಬ್ಯಾಂಕ್ ಬರೀ ತಲಾ ಆದಾಯ ನೋಡಿ ಮಾಡಿದ ಗುಂಪು, ಅದು ಇನ್ನೂ ಚಿಕ್ಕದು. ಮೂರನೆಯದು ಸಾಲದ ಹೊರೆ ಹೊತ್ತ ಬಡ ದೇಶಗಳು, 39 ಇವೆ. 1996ರಲ್ಲಿ ಶುರುವಾದ ಸಾಲ ಪರಿಹಾರ ಕಾರ್ಯಕ್ರಮಕ್ಕೆ ಸಂಬಂಧಿಸಿದ್ದು. ಬಾಂಗ್ಲಾದೇಶ 2015ರಿಂದ ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಕೆಳ ಮಧ್ಯಮ ಆದಾಯದ ದೇಶ, ಆದರೆ ಆಮೇಲೂ ಎಲ್‌ಡಿಸಿ ಪಟ್ಟಿಯಲ್ಲೇ ಇತ್ತು. ಬುಟ್ಟಿ ಬದಲಾದರೆ ಮೊತ್ತ ಬದಲಾಗುತ್ತದೆ. ಒಂದು ಮಾತ್ರ ಮಾಡಬೇಡ: ಕೆಳ ಮಧ್ಯಮ ಆದಾಯದ ಗುಂಪನ್ನು ತಂದು ಲಕ್ಸೆಂಬರ್ಗ್ ಪಕ್ಕ ಇಡಬೇಡ. ಅದರಲ್ಲಿ ಭಾರತ ಇದೆ. 2023-24ರಲ್ಲಿ ನಮ್ಮ ಸೇವಾ ರಫ್ತೇ 34 ಸಾವಿರ ಕೋಟಿ ಡಾಲರ್. ಆ ಗುಂಪಿನ ಗೆರೆ ಅಂದರೆ ಹೆಚ್ಚುಕಮ್ಮಿ ಬೆಂಗಳೂರು, ಹೈದರಾಬಾದ್‌ನ ಗೆರೆ.

ನನ್ನನ್ನು ಕೇಳಿದರೆ ಗುಂಪನ್ನು ಹಿನ್ನೆಲೆಗೆ ಇಟ್ಟುಕೊಂಡು ಮೂರು ನಾಲ್ಕು ದೇಶ ಹೆಸರು ಹಿಡಿದು ಹೋಲಿಸು. ಜಿಬೂಟಿ ಖಂಡಿತ ಬೇಕು. ನಮ್ಮ ಚಿಕ್ಕಮಗಳೂರು ಜಿಲ್ಲೆಯಷ್ಟೇ ಜನ. ಅದೂ ಸಣ್ಣ ದೇಶ, ಆದರೆ ಎಲ್‌ಡಿಸಿ. ಸಣ್ಣದಾಗಿದ್ದರೆ ಸೇವೆಯಿಂದ ಶ್ರೀಮಂತ ಆಗಬಹುದು ಅನ್ನುವ ವಾದವನ್ನು ಪರೀಕ್ಷೆ ಮಾಡುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಸಮುದ್ರವಿಲ್ಲದ ಇಥಿಯೋಪಿಯಾದ ಸರಕಿನಲ್ಲಿ ಶೇ 90ರಷ್ಟು ಜಿಬೂಟಿ ಬಂದರಿನ ಮೂಲಕವೇ ಹೋಗಿ ಬರುತ್ತದೆ, ಆ ಬಂದರು ಸೇವೆಯೇ ಅದರ ಅನ್ನ. ಪಕ್ಕದ ದೇಶದಲ್ಲಿ ಯುದ್ಧ ಬಂದರೆ ಇಲ್ಲಿ ಹಡಗು ಕಡಿಮೆ.

ರುವಾಂಡಾ ಇನ್ನೊಂದು. ಕಾಡಿನಲ್ಲಿ ಗೊರಿಲ್ಲಾ ನೋಡುವ ಪರ್ಮಿಟ್ ಬೆಲೆಯನ್ನು 2017ರಲ್ಲಿ 750ರಿಂದ 1,500 ಡಾಲರ್‌ಗೆ ಏರಿಸಿದರು. ಜನ ಕಡಿಮೆ ಬಂದರೂ ಪರವಾಗಿಲ್ಲ, ಒಬ್ಬೊಬ್ಬರಿಂದ ಜಾಸ್ತಿ ಬರಲಿ ಅನ್ನುವ ಲೆಕ್ಕ. ಉದ್ಯಾನದ ಆದಾಯದಲ್ಲಿ ಸುತ್ತಲಿನ ಹಳ್ಳಿಗಳ ಪಾಲನ್ನು ಶೇ 5ರಿಂದ 10ಕ್ಕೆ ಹೆಚ್ಚಿಸಿದರು.


ಕ್ಯೂರಿಂಗ್_ವರ್ಕ್ಸ್ (ಹಾಸನ)

ಇಥಿಯೋಪಿಯಾ ಹೆಸರು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಇಥಿಯೋಪಿಯಾ ಅಂದರೆ ನಮಗೆ ಕಾಫಿ. ಅದರ ಸರಕು ರಫ್ತಿನಲ್ಲಿ ಬಹಳ ವರ್ಷ ಮೊದಲ ಸ್ಥಾನ ಕಾಫಿಗೇ ಇತ್ತು. ಆದರೆ ಆ ದೇಶ ಕೆಲವು ವರ್ಷ ಎಲ್ಲ ಸರಕು ರಫ್ತು ಸೇರಿಸಿದ್ದಕ್ಕಿಂತ ಸೇವೆ ಮಾರಿಯೇ ಜಾಸ್ತಿ ಡಾಲರ್ ತಂದಿದೆ. ಅದರಲ್ಲಿ ಸಿಂಹಪಾಲು ಇಥಿಯೋಪಿಯನ್ ಏರ್‌ಲೈನ್ಸ್‌ನದು. 1945ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಆಡಿಸ್ ಅಬಾಬಾದಲ್ಲಿ ಇಳಿಸಿ ಆಫ್ರಿಕಾದ ಮೂಲೆಮೂಲೆಗೆ ಕರೆದುಕೊಂಡು ಹೋಗುತ್ತದೆ. ಬೆಂಗಳೂರಿನಿಂದಲೂ ಅದರ ವಿಮಾನ ಹಾರಿದೆ. ನಮ್ಮವರು ಟಿಕೆಟ್ ಕೊಂಡರೆ ಅದು ಇಥಿಯೋಪಿಯಾದ ಸಾರಿಗೆ ಸೇವಾ ರಫ್ತು. ಬಡ ದೇಶ ಅಂದರೆ ಬೀಚು, ಹೋಟೆಲ್ ಮಾತ್ರ ಅಂದುಕೊಳ್ಳುವವರಿಗೆ ಇದನ್ನು ತೋರಿಸಬೇಕು. ಎಂಜಿನಿಯರು, ಪೈಲಟ್ ಎಲ್ಲರನ್ನೂ ಅಲ್ಲೇ ತರಬೇತಿ ಮಾಡುತ್ತಾರೆ. ವಿಮಾನ, ಇಂಧನ ಮಾತ್ರ ಹೊರಗಿನಿಂದ ತರಬೇಕು, ಅದಕ್ಕೆ ಡಾಲರ್ ಹೋಗುತ್ತದೆ.

ಇನ್ನೊಂದು ನಮ್ಮ ಕೆಲಸದ್ದೇ ಸೂಕ್ಷ್ಮ. ಬೆಳೆಗಾರರು ಪಾರ್ಚ್‌ಮೆಂಟ್, ಚೆರಿ, ಅಂದರೆ ಸಿಪ್ಪೆ ಇರುವ ಒಣ ಕಾಫಿ ತಂದು ಹಾಕುತ್ತಾರೆ. ನಾವು ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ಪೀಬೆರಿ ಬೇರೆ, ಎ ಬೇರೆ, ಬಿ ಬೇರೆ ಮಾಡಿ, ಕಪ್ಪು ಬೀಜ ಆರಿಸಿ ಮೂಟೆ ಕಟ್ಟುತ್ತೇವೆ. ಕಾಫಿ ಅವರದು, ನಮಗೆ ಕ್ಯೂರಿಂಗ್ ಚಾರ್ಜ್ ಮಾತ್ರ. ಅದರ ಮಾಲೀಕ ಒಬ್ಬ ವಿದೇಶಿ ಕಂಪನಿಯಾಗಿದ್ದು, ಬೀಜ ತನ್ನ ಹೆಸರಿನಲ್ಲೇ ಇಟ್ಟುಕೊಂಡು ಹದ ಮಾಡಿಸಿ ವಾಪಸ್ ತರಿಸಿಕೊಂಡರೆ ಆ ಚಾರ್ಜ್ ಸೇವಾ ರಫ್ತು ಆಗುತ್ತದೆ. ನಾವೇ ಬೀಜ ಕೊಂಡು ಹದ ಮಾಡಿ ಮಾರಿದರೆ ಸರಕು ರಫ್ತು. ಯಂತ್ರ ಅದೇ, ಕೆಲಸ ಮಾಡುವ ಹೆಂಗಸರೂ ಅವರೇ. ಬಟ್ಟೆ ಹೊಲಿದುಕೊಡುವ ದೇಶಗಳಲ್ಲಿ ಇದರಿಂದ ಅಂಕಿ ಬಹಳ ಏರುಪೇರಾಗುತ್ತದೆ.


ಹಾಸನದ_ಮೇಷ್ಟ್ರು

ಕ್ಯೂರಿಂಗ್‌ನವರು ಹೇಳಿದ್ದು ಸರಿ. ದೇಶದೇಶಗಳ ನಡುವಿನ ವ್ಯವಹಾರದ ಲೆಕ್ಕ ಇಡುವುದು ಹೇಗೆ ಅಂತ ಹೇಳುವ ಐಎಂಎಫ್ ಕೈಪಿಡಿಯ ಆರನೇ ಆವೃತ್ತಿ 2009ರಲ್ಲಿ ಬಂದಾಗಿನಿಂದ ಹಾಗೆ. ಅದಕ್ಕಿಂತ ಮುಂಚೆ ಈ ಕೆಲಸವೂ ಸರಕಿನ ಲೆಕ್ಕದಲ್ಲಿತ್ತು. ಆದ್ದರಿಂದ 1990ರ ದಶಕದಿಂದ ಇವತ್ತಿನವರೆಗೆ ಒಂದೇ ಗೆರೆ ಎಳೆಯುವಾಗ ಎಚ್ಚರ.


ಕಾಫಿನಾಡು_ಎಂಕಾಂ

ಹಾಗಾದರೆ ಲಕ್ಸೆಂಬರ್ಗ್, ಜಿಬೂಟಿ, ರುವಾಂಡಾ, ಇಥಿಯೋಪಿಯಾ, ನೇಪಾಳ. ಐದು ದೇಶ, ನಾಲ್ಕು ಬಾಬ್ತಿನ ಪಾಲು, ರಫ್ತಿನಿಂದ ಆಮದು ಕಳೆದ ನಿವ್ವಳ. ವರ್ಷ ಯಾವುದು ತಗೊಳ್ಳಲಿ ಮೇಷ್ಟ್ರೇ? 2020 ಒಂದೇ ಸಾಕಾ?


ಹಾಸನದ_ಮೇಷ್ಟ್ರು

2020 ಒಂದೇ ಬೇಡ. 2019, 2020, 2022 ಮೂರೂ ಇಡು. ಪ್ರವಾಸ ನಂಬಿದ ದೇಶ ಹೇಗೆ ಬಿತ್ತು, ಫಂಡ್ ನಂಬಿದ ದೇಶ ಹೇಗೆ ನಿಂತಿತು ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ. 2022ರ ಜುಲೈನಲ್ಲಿ ಯೂರೋ ಬಿದ್ದು ಡಾಲರ್‌ಗೆ ಸಮ ಆಗಿತ್ತು. ಹಾಗಾಗಿ ಆ ವರ್ಷ ಲಕ್ಸೆಂಬರ್ಗ್‌ನ ಅಂಕಿಯನ್ನು ಯೂರೋದಲ್ಲೂ ಒಮ್ಮೆ ನೋಡು, ಡಾಲರ್‌ನಲ್ಲಿ ಕುಗ್ಗಿದಂತೆ ಕಂಡಿದ್ದು ಯೂರೋದಲ್ಲಿ ಹಾಗಿರಲಿಕ್ಕಿಲ್ಲ. ಇಥಿಯೋಪಿಯಾದ ಹಣಕಾಸು ವರ್ಷ ಜುಲೈ 8ಕ್ಕೆ ಶುರುವಾಗುತ್ತದೆ, ನೇಪಾಳದ್ದು ಜುಲೈ ಮಧ್ಯದಲ್ಲಿ. ಅವೆರಡರ ಅಂಕಿ ಯಾವ ವರ್ಷಕ್ಕೆ ಸೇರಿದ್ದು ಅಂತ ಕೋಷ್ಟಕದ ಕೆಳಗಿನ ಟಿಪ್ಪಣಿ ಓದಿಕೊಂಡು ಆಮೇಲೆ ಲಕ್ಸೆಂಬರ್ಗ್ ಪಕ್ಕ ಇಡು. ಕರಡು ಆದ ಮೇಲೆ ಇಲ್ಲಿ ಹಾಕಮ್ಮ, ಓದಿ ನೋಡುತ್ತೇನೆ.